ಹಿಮದ್ವೀಪದ ಆಟ ಬೇಕು, ಅಲ್ಲಿಯ ಕಟ್ಟಳೆ ಬೇಡವೇ?

ಹುಮನಾಬಾದಿನ ಬಸ್ ನಿಲ್ದಾಣದಲ್ಲಿ ಕಲಬುರಗಿಯ ಬಸ್ಸಿಗಾಗಿ ಕಾಯುವ ಕಾಲೇಜು ಹುಡುಗನ ಅಂಗೈಯಲ್ಲಿ ಇಂದು ಐಸ್‌ಲ್ಯಾಂಡ್ ಇದೆ. ಮೊಬೈಲಿನ ಪುಟ್ಟ ಪರದೆಯ ಮೇಲೆ, ಮುಳ್ಳುಕಬ್ಬಿಣ ಕಟ್ಟಿದ ಬೂಟು ತೊಟ್ಟು ಹಿಮನದಿಯ ಮೇಲೆ ನಡೆಯುವವರು, ನೀಲಿ ಮಂಜಿನ ಗವಿಯೊಳಗೆ ನಿಂತು ಚಿತ್ರ ತೆಗೆಸಿಕೊಳ್ಳುವವರು, ಭೂಫಲಕಗಳ ನಡುವಿನ ಸೀಳಿನಲ್ಲಿ ಕೊರೆಯುವ ನೀರಿಗಿಳಿದು ಈಜುವವರು ಹಾದುಹೋಗುತ್ತಾರೆ. ಮರುಕ್ಷಣವೇ ಅದೇ ಪರದೆಯಲ್ಲಿ ಕೊಡಚಾದ್ರಿಯ ಜೀಪು, ದಾಂಡೇಲಿಯ ರಾಫ್ಟಿಂಗ್, ಕೊಡಗಿನ ಜಿಪ್‌ಲೈನ್. ಹಿನ್ನೆಲೆಯ ಸಂಗೀತ ಒಂದೇ, ಕೇಕೆ ಒಂದೇ, ಕರೆಯೂ ಒಂದೇ: ಬನ್ನಿ, ಸಾಹಸ ಮಾಡಿ. ನೋಡುವವನಿಗೆ ಎರಡೂ ಒಂದೇ ಅಂಗಡಿಯ ಸರಕಿನಂತೆ ತೋರಿದರೆ ಆಶ್ಚರ್ಯವಿಲ್ಲ. ಆದರೆ ಜಾಹೀರಾತಿನಲ್ಲಿ ಕಾಣದ ವ್ಯತ್ಯಾಸವೊಂದಿದೆ. ಆ ಶೀತದ್ವೀಪದಲ್ಲಿ ಆಟದ ಬೆನ್ನಿಗೆ ಕಟ್ಟಳೆಯಿದೆ. ಇಲ್ಲಿಗೆ ಆಟ ಮಾತ್ರ ಬಂದಿಳಿದಿದೆ.

ಮಲೆನಾಡಿನ ಪತ್ರಿಕೆಯಲ್ಲಿ ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದುಗಳ ಮಾತೇಕೆ ಎಂದು ಕೇಳುವವರಿರಬಹುದು. ಘಟ್ಟದ ಊರುಗಳು ಈ ವ್ಯಾಪಾರದ ರುಚಿಯನ್ನೂ ಕಹಿಯನ್ನೂ ಕಂಡಾಗಿದೆ. ಆ ಎರಡು ತಾಲೂಕುಗಳು ಇನ್ನೂ ಹೊಸ್ತಿಲಿನಲ್ಲಿವೆ. ತಡವಾಗಿ ಎಚ್ಚೆತ್ತವರು ಹೊಸ್ತಿಲಲ್ಲಿರುವವರಿಗೆ ಹೇಳಬೇಕಾದ ಮಾತನ್ನು ಹೇಳದಿದ್ದರೆ ಬೆಟ್ಟದ ಜನರ ಸಂಘಟನೆಗೆ ಅರ್ಥವೇನು?

ಮೊದಲು ಆ ದ್ವೀಪದ ಸಂಗತಿ. ಐಸ್‌ಲ್ಯಾಂಡಿನ ವಿಸ್ತೀರ್ಣ ಸುಮಾರು 1,03,000 ಚದರ ಕಿಲೋಮೀಟರ್. ಕರ್ನಾಟಕದ ಅರ್ಧಕ್ಕೆ ತುಸು ಹೆಚ್ಚು. ಜನಸಂಖ್ಯೆ ನಾಲ್ಕು ಲಕ್ಷಕ್ಕೂ ಕಡಿಮೆ. ನೆಲದ ಹತ್ತನೆಯ ಒಂದು ಭಾಗ ಹಿಮನದಿಗಳಿಂದ ಮುಚ್ಚಿದೆ. 2010ರಲ್ಲಿ ಅಲ್ಲಿಯ ಜ್ವಾಲಾಮುಖಿಯೊಂದು ಬೂದಿ ಉಗುಳಿ ಯೂರೋಪಿನ ವಿಮಾನಗಳನ್ನೆಲ್ಲ ನೆಲಕ್ಕಿಳಿಸಿದಾಗ ಜಗತ್ತು ಆ ದೇಶದ ಕಡೆ ಕಣ್ಣೆತ್ತಿ ನೋಡಿತು. ಆ ವರ್ಷ ಸುಮಾರು ಐದು ಲಕ್ಷವಿದ್ದ ವಿದೇಶಿ ಪ್ರವಾಸಿಗಳ ಸಂಖ್ಯೆ 2018ರ ಹೊತ್ತಿಗೆ 23 ಲಕ್ಷ ಮುಟ್ಟಿತು. ಮನೆಯವರಿಗಿಂತ ಐದಾರು ಪಟ್ಟು ಹೆಚ್ಚು ನೆಂಟರು! ಬಂದವರೆಲ್ಲ ನಡೆಯಬೇಕೆಂದದ್ದು ಅದೇ ಹಿಮದ ಮೇಲೆ, ನಿಲ್ಲಬೇಕೆಂದದ್ದು ಅದೇ ಜಲಪಾತದ ಅಂಚಿನಲ್ಲಿ.

ಆಗ ಆ ದೇಶ ಏನು ಮಾಡಿತು? ದಕ್ಷಿಣ ಭಾಗದಲ್ಲಿ ಫ್ಯಾದ್ರಾರ್‌ಗ್ಲ್ಯೂಫರ್ ಎಂಬ ಕಿರಿದಾದ ಕಮರಿಯಿದೆ. 2015ರಲ್ಲಿ ಪ್ರಸಿದ್ಧ ಗಾಯಕ ಜಸ್ಟಿನ್ ಬೀಬರ್ ಅಲ್ಲಿ ಓಡಾಡಿದ ವಿಡಿಯೋ ಹೊರಬಂದ ಮೇಲೆ ಜನ ಮುಗಿಬಿದ್ದರು. ಪಾದಗಳ ತುಳಿತಕ್ಕೆ ಪಾಚಿಯ ಹಾಸು ಕೆಸರಾಯಿತು. 2019ರಲ್ಲಿ ಸರ್ಕಾರ ಕಮರಿಯನ್ನು ತಿಂಗಳುಗಟ್ಟಲೆ ಮುಚ್ಚಿ, ನೆಲ ಚೇತರಿಸಿಕೊಳ್ಳಲು ಬಿಟ್ಟಿತು. ಲಾವಾ ಕಲ್ಲಿನ ಮೇಲೆ ಬೆಳೆಯುವ ಆ ಪಾಚಿ ಒಮ್ಮೆ ಹರಿದರೆ ಕೂಡಿಕೊಳ್ಳಲು ದಶಕಗಳೇ ಬೇಕು. ಆದುದರಿಂದಲೇ ರಸ್ತೆ ಬಿಟ್ಟು ವಾಹನ ಓಡಿಸುವುದು ಅಲ್ಲಿ ಕಾನೂನಿನಂತೆ ಅಪರಾಧ. ಸಿಕ್ಕಿಬಿದ್ದವರು ಭಾರಿ ದಂಡ ತೆರಬೇಕು. ತಿಂಗ್ವೆಟ್ಲಿರ್ ರಾಷ್ಟ್ರೀಯ ಉದ್ಯಾನದ ಸಿಲ್‌ಫ್ರಾ ಎಂಬ ಸೀಳಿನಲ್ಲಿ ಈಜಲು ಇಳಿದವರು ಸತ್ತಾಗ 2017ರಲ್ಲಿ ಅದನ್ನು ಕೆಲಕಾಲ ಮುಚ್ಚಿ, ನಿಯಮಗಳನ್ನು ಬಿಗಿಗೊಳಿಸಿದ ಮೇಲಷ್ಟೇ ತೆರೆದರು. 2011ರಲ್ಲಿ ಚೀನಾದ ಉದ್ಯಮಿಯೊಬ್ಬರು ಪ್ರವಾಸಿಧಾಮಕ್ಕೆಂದು ಸುಮಾರು 300 ಚದರ ಕಿಲೋಮೀಟರ್ ಭೂಮಿ ಕೊಳ್ಳಲು ಹೊರಟಾಗ ಅಲ್ಲಿಯ ಗೃಹಖಾತೆ ಅನುಮತಿಯನ್ನೇ ಕೊಡಲಿಲ್ಲ.

ಆ ದೇಶವನ್ನು ಸಂತರ ನಾಡೆಂದು ಹೊಗಳುವ ಅಗತ್ಯವಿಲ್ಲ. ಅಲ್ಯೂಮಿನಿಯಂ ಕಾರ್ಖಾನೆಯೊಂದಕ್ಕೆ ವಿದ್ಯುತ್ ಒದಗಿಸಲು ಕಾರಾನ್ಯೂಕರ್‌ನಲ್ಲಿ ಅಣೆಕಟ್ಟು ಕಟ್ಟಿ, 2006ರಲ್ಲಿ ಮಲೆಪ್ರದೇಶದ ವಿಶಾಲ ಭೂಮಿಯನ್ನು ಮುಳುಗಿಸಿದ್ದೂ ಇದೇ ದೇಶ. ಶರಾವತಿ, ಕಾಳಿ ಕಣಿವೆಗಳ ಮುಳುಗಡೆಯನ್ನು ಕಂಡ ಮಲೆನಾಡಿಗರಿಗೆ ಅದನ್ನು ವಿವರಿಸಿ ಹೇಳಬೇಕಿಲ್ಲ. ಕಟ್ಟಳೆಯಿದ್ದೂ ಅನಾಹುತ ತಪ್ಪಿಲ್ಲ: 2024ರ ಆಗಸ್ಟ್‌ನಲ್ಲಿ ಬ್ರೇಯ್ದಾಮೆರ್ಕುರ್ ಹಿಮನದಿಯಲ್ಲಿ ಮಾರ್ಗದರ್ಶಕರೊಂದಿಗೆ ಹೋದ ತಂಡದ ಮೇಲೆಯೇ ಮಂಜು ಕುಸಿದು ಪ್ರವಾಸಿಯೊಬ್ಬರು ಮೃತಪಟ್ಟರು. ಬೇಸಿಗೆಯಲ್ಲಿ ಕರಗುವ ಹಿಮದೊಳಗೆ ಜನರನ್ನು ಕರೆದೊಯ್ದದ್ದು ಏಕೆಂಬ ಪ್ರಶ್ನೆ ಅಲ್ಲಿ ಎದ್ದಿತು. ಅಷ್ಟೊಂದು ಎಚ್ಚರವಿರುವ ದೇಶದಲ್ಲಿಯೇ ಲಾಭದ ಆಸೆ ಋತುವಿನ ಗಡಿ ದಾಟಿತೆಂದರೆ, ಎಚ್ಚರವೇ ಇಲ್ಲದ ಕಡೆ ಏನಾಗಬಹುದು?

ಏನಾಯಿತೆಂಬುದನ್ನು ಸಹ್ಯಾದ್ರಿ ನೋಡಿದೆ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತದ ಹಾದಿಯಲ್ಲಿ ಸಾವಿರಾರು ಚಾರಣಿಗರು ಜಾತ್ರೆಯಂತೆ ನೆರೆದು, ತನಿಖಾ ಠಾಣೆಯ ಮುಂದೆ ಸಾಲುಗಟ್ಟಿ ನಿಂತ ದೃಶ್ಯ ನಾಡಿನಾದ್ಯಂತ ಹರಿದಾಡಿತು. ಅದು ಪುಷ್ಪಗಿರಿ ವನ್ಯಜೀವಿಧಾಮದ ಭೂಮಿ; 2012ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಕರ್ನಾಟಕದ ಹತ್ತು ತಾಣಗಳಲ್ಲೊಂದು; ಕುಮಾರಧಾರೆಯ ತವರು. ಹುಲ್ಲುಗಾವಲಿನ ತೆಳು ಮಣ್ಣಿನ ಮೇಲೆ ಸಾವಿರಾರು ಬೂಟುಗಳು ಒಂದೇ ಗೆರೆಯಲ್ಲಿ ತುಳಿದರೆ ಮಳೆಗಾಲದಲ್ಲಿ ಆ ಗೆರೆಯೇ ಕೊರಕಲಾಗುತ್ತದೆ. ಕೊರಕಲು ಸೇರಿದ ನೀರು ಶೋಲಾ ಕಾಡಿನೊಳಗೆ ಇಂಗುವ ಬದಲು ಮಣ್ಣು ಹೊತ್ತು ಕೆಳಗೋಡುತ್ತದೆ. ತಪ್ಪಲಿನ ಅಡಿಕೆ ತೋಟದ ರೈತನಿಗೆ ಮಾಘ ಮಾಸದಲ್ಲಿಯೇ ಹಳ್ಳ ಬತ್ತಿದ್ದು ಕಾಣುತ್ತದೆ; ಕಾರಣ ಮೇಲೆ ಬೆಟ್ಟದ ತಲೆಯಲ್ಲಿದೆಯೆಂಬುದನ್ನು ಅವನಿಗೆ ಹೇಳುವವರಾರು?

ಜೀಪಿನ ಕಥೆ ಇನ್ನೊಂದು. ಕೊಡಚಾದ್ರಿಗೂ ಮಾಂದಲಪಟ್ಟಿಗೂ ಏರುವ ಜೀಪುಗಳಿಗೆ ಕುಲುಕಾಟವೇ ಬಂಡವಾಳ. ರಸ್ತೆ ಕೆಟ್ಟಷ್ಟೂ ಬೇಡಿಕೆ ಹೆಚ್ಚು. ಅದೇ ತಪ್ಪಲಿನ ಊರಿನ ಬಾಣಂತಿಯನ್ನು ಆಸ್ಪತ್ರೆಗೆ ಸಾಗಿಸುವ ದಿನ ಆ ಕುಲುಕಾಟಕ್ಕೆ ಸಾಹಸವೆಂದು ಯಾರೂ ಹೆಸರಿಡುವುದಿಲ್ಲ. ಕಾಳಿ ನದಿಯ ರಾಫ್ಟಿಂಗ್ ಸೂಪಾ ಅಣೆಕಟ್ಟಿನಿಂದ ಬಿಡುವ ನೀರನ್ನು ನಂಬಿ ನಡೆಯುವ ವ್ಯಾಪಾರ. ನದಿ ಯಾವ ಗಳಿಗೆ ಏರುತ್ತದೆಂಬುದನ್ನು ದಡದಲ್ಲಿ ಬಟ್ಟೆ ಒಗೆಯುವ ಹೆಂಗಸು ನಿರ್ಧರಿಸಲಾರಳು. 2022ರ ಏಪ್ರಿಲ್‌ನಲ್ಲಿ ಅಲ್ಲಿ ಮಿತಿಮೀರಿ ಜನರನ್ನು, ಮಕ್ಕಳನ್ನೂ ಸೇರಿಸಿ, ಹೊತ್ತ ರಾಫ್ಟೊಂದು ಹೊಳೆಯ ನಡುವೆ ಸಿಕ್ಕಿಕೊಂಡಿತು. ಜೀವಹಾನಿಯಾಗದೆ ಪಾರಾದದ್ದು ಅದೃಷ್ಟ. ಅದನ್ನು ವ್ಯವಸ್ಥೆಯೆಂದು ಕರೆಯಲಾಗದು.

ದಾರಿ ತಪ್ಪಿದ ಚಾರಣಿಗನನ್ನು ಹುಡುಕುವವರು ಯಾರು ಎಂಬ ಪ್ರಶ್ನೆಯನ್ನು ಸಾಹಸದ ಅಂಗಡಿಯವರು ಎಂದೂ ಎತ್ತುವುದಿಲ್ಲ. ಐಸ್‌ಲ್ಯಾಂಡಿನಲ್ಲಿ ರಕ್ಷಣಾ ಕಾರ್ಯಕ್ಕೆ ಸ್ವಯಂಸೇವಕರ ರಾಷ್ಟ್ರಮಟ್ಟದ ಸಂಘಟನೆಯೇ ಇದೆ. ತರಬೇತಿ, ವಾಹನ, ಸಲಕರಣೆಗಳಿವೆ. ಇಲ್ಲಿ ರಾತ್ರಿ ಮಳೆಯಲ್ಲಿ ಟಾರ್ಚು ಹಿಡಿದು ಕಾಡು ಹೊಗುವವರು ಅರಣ್ಯ ಇಲಾಖೆಯ ದಿನಗೂಲಿ ವಾಚರುಗಳು ಮತ್ತು ಊರಿನ ಹುಡುಗರು. ಇಂಬಳ ಕಚ್ಚಿಸಿಕೊಂಡು, ಕೆಲಸ ಬಿಟ್ಟು ಹುಡುಕಿ ತಂದವರಿಗೆ ಮರುದಿನದ ಪತ್ರಿಕೆಯಲ್ಲಿ ‘ಸ್ಥಳೀಯರು’ ಎಂಬ ಒಂದು ಪದ ದಕ್ಕುತ್ತದೆ. ವಿಮೆ ದಕ್ಕುವುದಿಲ್ಲ.

ಕುಮಾರಪರ್ವತದ ಗದ್ದಲದ ನಂತರ, ಆನ್‌ಲೈನ್ ನೋಂದಣಿಯಿಲ್ಲದ ಚಾರಣಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಲು ಆದೇಶಿಸಿದವರು ಅರಣ್ಯ ಸಚಿವ ಈಶ್ವರ ಖಂಡ್ರೆ. ಮುಂದೆ ಚಾರಣಪಥಗಳಿಗೆ ದಿನಕ್ಕೆ 300 ಜನರ ಮಿತಿಯೂ ಬಂತು. 2025ರ ನವೆಂಬರ್‌ನಲ್ಲಿ, ಹುಲಿ ದಾಳಿಗೆ ರೈತರು ಬಲಿಯಾದಾಗ, ಬಂಡೀಪುರ ಮತ್ತು ನಾಗರಹೊಳೆಗಳಲ್ಲಿ ಸಫಾರಿಯನ್ನೂ ಸಂಘರ್ಷದ ಪ್ರದೇಶಗಳಲ್ಲಿ ಚಾರಣವನ್ನೂ ನಿಲ್ಲಿಸಲು ಹೇಳಿದವರೂ ಅವರೇ. ಆ ಸಚಿವರು ಬೀದರ್ ಜಿಲ್ಲೆಯ ಭಾಲ್ಕಿಯವರು. ಬಾಗಿಲು ಹಾಕುವ ಅಧಿಕಾರ ಸರ್ಕಾರಕ್ಕಿದೆ, ಮನಸ್ಸಾದರೆ ಹಾಕುತ್ತದೆ ಎಂಬುದಕ್ಕೆ ಈ ಆದೇಶಗಳು ಸಾಕ್ಷಿ. ಆದರೆ 300 ಎಂಬ ಅಂಕಿಯನ್ನು ಅಳೆದವರು ಯಾರು? ಬಂಡೆಯ ಬೆಟ್ಟಕ್ಕೆ ಹೊಂದುವ ಸಂಖ್ಯೆ ಜವುಗು ಹುಲ್ಲುಗಾವಲಿಗೆ ಹೊಂದೀತೇ? ತಪ್ಪಲಿನ ಯಾವ ಗ್ರಾಮಸಭೆಯನ್ನು ಕೇಳಿ ಅದನ್ನು ಬರೆಯಲಾಯಿತು? ಬಾಗಿಲನ್ನು ಗದ್ದಲವಾದಾಗ ಹಾಕಿ, ಗದ್ದಲ ತಣಿದಾಗ ತೆಗೆಯುವ ಪದ್ಧತಿಗೆ ಕಟ್ಟಳೆಯೆಂಬ ಹೆಸರು ಸಲ್ಲದು.

ಇನ್ನು ಆ ಸಚಿವರ ಜಿಲ್ಲೆಯ ಕಡೆಗೆ ಹೊರಳಬೇಕು. ಕರ್ನಾಟಕದ ಕಿರೀಟವೆಂದು ಕರೆಸಿಕೊಳ್ಳುವ ಬೀದರ್ ನಾಡಿನ ಉತ್ತರದ ತುದಿ. ಪುಷ್ಯ ಮಾಸದ ಚಳಿ ಅಲ್ಲಿ ಒಂದಂಕಿಗೆ ಇಳಿಯುತ್ತದೆ. (ಶೀತಲ ಉತ್ತರವನ್ನು ಹುಡುಕುವ ಜಾಹೀರಾತಿನವರಿಗೆ ಇಷ್ಟು ಸಾಕು.) ಹುಮನಾಬಾದಿನ ಸುತ್ತಲಿನ ಪ್ರಸ್ಥಭೂಮಿಯ ಮೇಲ್ಪದರ ಕೆಂಪು ಜಂಬಿಟ್ಟಿಗೆ ಕಲ್ಲು, ಅದರ ಅಡಿಗೆ ಕಪ್ಪು ಬಸಾಲ್ಟ್. ಜಂಬಿಟ್ಟಿಗೆ ಜರಡಿಯಂತೆ ಮಳೆನೀರನ್ನು ಕುಡಿಯುತ್ತದೆ; ಕೆಳಗಿನ ಬಿಗಿಯಾದ ಪದರ ಅದನ್ನು ತಡೆಯುತ್ತದೆ; ಎರಡೂ ಕೂಡುವ ಅಂಚಿನಲ್ಲಿ ಬುಗ್ಗೆಗಳೇಳುತ್ತವೆ. ಬೀದರಿನ ನಾನಕ್ ಝೀರಾ, ಪಾಪನಾಶ ಅಂಥ ಒರತೆಗಳು. ಬಹಮನಿಗಳ ಕಾಲದ ಸುರಂಗ ಬಾವಿಗಳು, ಅಂದರೆ ಕರೇಜ್‌ಗಳು, ನೀರು ಹರಿಸಿದ್ದು ಇದೇ ಭೂಗುಣವನ್ನು ಅರಿತು. ಹೊರಗಿನವನ ಕಣ್ಣಿಗೆ ಬರಡು ಬಂಡೆಯಾಗಿ ಕಾಣುವ ಗುಡ್ಡದ ನೆತ್ತಿಯೇ ಕೆಳಗಿನ ಊರಿನ ನೀರಿನ ತೊಟ್ಟಿ. ಅದರ ಮೇಲೆ ಬೈಕಿನ ಪಂದ್ಯವಾಡಿಸುವುದಕ್ಕೂ ಕುಡಿಯುವ ನೀರಿನ ಹರವಿಯ ಮೇಲೆ ಕುಣಿಯುವುದಕ್ಕೂ ಹೆಚ್ಚಿನ ಅಂತರವಿಲ್ಲ.

ಹುಮನಾಬಾದಿನ ದಕ್ಷಿಣಕ್ಕೆ ಚಿಂಚೋಳಿಯ ಕಾಡಿದೆ. ಕಲಬುರಗಿ ಜಿಲ್ಲೆಗೆ ಸೇರಿದ ಈ ಒಣ ಎಲೆಯುದುರುವ ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು. ಸುಮಾರು 135 ಚದರ ಕಿಲೋಮೀಟರ್ ವಿಸ್ತಾರ. ಬಿರುಬಿಸಿಲಿನ ಸೀಮೆಯಲ್ಲಿ ಉಳಿದಿರುವ ಇಷ್ಟೇ ಹಸಿರಿನ ತುಣುಕಿಗೆ, ಚಂದ್ರಂಪಳ್ಳಿ ಜಲಾಶಯಕ್ಕೆ, ಎತ್ತಿಪೋತ ಜಲಪಾತಕ್ಕೆ ರಜಾದಿನಗಳಲ್ಲಿ ಜನ ಬರುತ್ತಿದ್ದಾರೆ. ಬಸವಕಲ್ಯಾಣ ತಾಲೂಕಿನಲ್ಲಿ ಚುಳಕಿ ನಾಲಾ, ಮೇಲ್ ಮುಲ್ಲಾಮಾರಿ ಜಲಾಶಯಗಳಿವೆ. ಭಾಲ್ಕಿಯ ಕಡೆ ಕಾರಂಜಾ ಇದೆ. ನೀರು ನಿಂತಲ್ಲಿ ದೋಣಿ, ಗುಡ್ಡವಿದ್ದಲ್ಲಿ ಹಗ್ಗ, ಗವಿಯಿದ್ದಲ್ಲಿ ಟಿಕೆಟ್ಟು ಎಂಬುದು ಈ ಉದ್ಯಮದ ಸರಳ ಸೂತ್ರ. ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿ ಎರಡೂ ತಾಲೂಕುಗಳನ್ನು ಹಾದು ಹೋಗುತ್ತದೆ. ಶನಿವಾರ ನಸುಕಿನಲ್ಲಿ ಹೈದರಾಬಾದ್ ಬಿಟ್ಟ ಕಾರು ತಿಂಡಿಯ ಹೊತ್ತಿಗೆ ಹುಮನಾಬಾದ್ ಸೇರುತ್ತದೆ.

ಆ ಮಹಾನಗರದ ಬಿಡುವಿನ ದಿನದ ದಾಹ ಎಂಥದೆಂಬುದಕ್ಕೆ ಕೊಪ್ಪಳ ಜಿಲ್ಲೆಯ ಸಾಣಾಪುರ ನಿದರ್ಶನ. ಹಂಪಿಯ ಎದುರು ದಡದ ಆ ಊರಿನಲ್ಲಿ ಹರಿಗೋಲಿನ ವಿಹಾರ, ಬಂಡೆಯಿಂದ ನೀರಿಗೆ ಜಿಗಿಯುವ ಆಟ ಹಬ್ಬಿದವು. 2025ರ ಫೆಬ್ರವರಿಯಲ್ಲಿ ಹೈದರಾಬಾದಿನಿಂದ ಬಂದ ಪ್ರವಾಸಿಯೊಬ್ಬರು ಬಂಡೆಯಿಂದ ತುಂಗಭದ್ರೆಗೆ ಜಿಗಿದು ಸೆಳವಿನಲ್ಲಿ ಕೊಚ್ಚಿಹೋದರು. ಪರದೆಯ ಮೇಲೆ ಆ ಜಿಗಿತ ಸಾವಿರಾರು ಜನರ ನೋಟಕ್ಕೆ ಸರಕಾಯಿತು. ಆ ತಾಯಿತಂದೆಯರ ದುಃಖಕ್ಕೆ ಹೊಳೆಯನ್ನು ದೂರಿ ಪ್ರಯೋಜನವಿಲ್ಲ. ಸೆಳವು ಎಲ್ಲಿದೆಯೆಂಬುದು ಅಲ್ಲಿಯ ಅಂಬಿಗರಿಗೆ ಗೊತ್ತಿತ್ತು. ಗೊತ್ತಿದ್ದವರಿಗೆ ‘ಇಲ್ಲಿ ಇಳಿಯಬೇಡಿ’ ಎಂದು ತಡೆಯುವ ಅಧಿಕಾರ ಇರಲಿಲ್ಲ.

ಬಸವಕಲ್ಯಾಣದ ವಿಚಾರದಲ್ಲಿ ಇನ್ನೊಂದು ತೊಡಕಿದೆ. ಕಲ್ಯಾಣ ಚಾಲುಕ್ಯರ ರಾಜಧಾನಿಯಾಗಿದ್ದ ಆ ಊರು ಹನ್ನೆರಡನೆಯ ಶತಮಾನದ ಶರಣರ ನೆಲ. ಅಕ್ಕನಾಗಮ್ಮನ ಗವಿ, ನುಲಿಯ ಚಂದಯ್ಯನ ಗವಿ, ತ್ರಿಪುರಾಂತಕ ಕೆರೆ ಜನರ ನೆನಪಿನಲ್ಲಿ ಉಸಿರಾಡುವ ತಾಣಗಳು. ನೂತನ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಶಂಕುಸ್ಥಾಪನೆಯಾದಂದಿನಿಂದ ಊರಿನ ಮೇಲೆ ಪ್ರವಾಸೋದ್ಯಮದ ದೃಷ್ಟಿಯೂ ನೆಟ್ಟಿದೆ. ಯಾತ್ರಿಕರು ಬರಲಿ, ಬಂದವರು ವಚನವನ್ನೂ ಚರಿತ್ರೆಯನ್ನೂ ಅರಿತು ಹೋಗಲಿ. ಆದರೆ ಯಾತ್ರೆಯ ಬೆನ್ನಿಗೆ ಮೋಜು, ಮೋಜಿನ ಬೆನ್ನಿಗೆ ಹೋಟೆಲು, ಹೋಟೆಲಿನ ಬೆನ್ನಿಗೆ ಕೊಳವೆಬಾವಿ ಬರುವುದನ್ನು ಮಲೆನಾಡಿನ ಕ್ಷೇತ್ರಗಳು ಕಂಡಿವೆ. ಜಾತಿಯ ಗೋಡೆ ಒಡೆದ ಒಂದು ಮದುವೆಗಾಗಿ ಪ್ರಾಣ ತೆತ್ತವರ ಊರಿಗೆ ಸಾಹಸವೆಂದರೇನೆಂದು ಹಗ್ಗಕ್ಕೆ ತೂಗುಬಿದ್ದವರು ಕಲಿಸಬೇಕಾಗಿಲ್ಲ. ಮೇಲೆ ಹೇಳಿದ ತಿಂಗ್ವೆಟ್ಲಿರ್ ಕೂಡ ಇಂಥದೇ ನೆಲ: ಕ್ರಿ.ಶ. 930ರಲ್ಲಿ ಆ ದ್ವೀಪದವರು ಬಯಲಿನಲ್ಲಿ ಕಲೆತು ತಮ್ಮ ಜನಸಭೆಯನ್ನು ಕಟ್ಟಿದ್ದು ಅಲ್ಲಿಯೇ. ತಮ್ಮ ಹಿರಿಯರು ಕೂಡಿ ಮಾತಾಡಿದ ಜಾಗದಲ್ಲಿ ಈಜಲು ಬರುವವನು ಎಷ್ಟು ಜನರೊಡನೆ, ಯಾವ ಉಡುಪಿನಲ್ಲಿ, ಯಾರ ಮೇಲ್ವಿಚಾರಣೆಯಲ್ಲಿ ಇಳಿಯಬೇಕೆಂದು ಅವರು ಬರೆದಿಟ್ಟಿದ್ದಾರೆ. ಕಲ್ಯಾಣದ ಗುಡ್ಡಗವಿಗಳಿಗೆ ಅಂಥ ಒಂದು ಪುಟವನ್ನಾದರೂ ಬರೆದವರುಂಟೇ?

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸದೆ ಮುಂದೆ ಹೋಗುವುದು ಪ್ರಾಮಾಣಿಕತೆಯಲ್ಲ. ತೊಗರಿ ಕೈಕೊಟ್ಟ ವರ್ಷ ಹೈದರಾಬಾದಿಗೋ ಪುಣೆಗೋ ಮುಂಬಯಿಗೋ ಗುಳೆ ಹೋಗುವ ಸೀಮೆ ಅದು. ಹಿಂದುಳಿದ ಪ್ರದೇಶವೆಂದೇ ಸಂವಿಧಾನದ 371(ಜೆ) ವಿಧಿಯ ಆಸರೆ ಪಡೆದ ಸೀಮೆ. ಅಂಥಲ್ಲಿ ಹುಡುಗರಿಗೆ ಊರಿನಲ್ಲಿಯೇ ನಾಲ್ಕು ಕಾಸು ಹುಟ್ಟುವ ಕೆಲಸ ಬಂದರೆ, ಹೊಟ್ಟೆ ತುಂಬಿದ ಪರಿಸರವಾದಿಗಳಿಗೆ ಏನು ಸಂಕಟ ಎಂದು ಕೇಳುವವರಿದ್ದಾರೆ. ಕೇಳುವ ಹಕ್ಕು ಅವರಿಗಿದೆ. ಬೆಟ್ಟ ಹತ್ತುವುದರಲ್ಲಿ, ಹೊಳೆಯೀಜುವುದರಲ್ಲಿ ತಪ್ಪೇನೂ ಇಲ್ಲ; ಜನರಲ್ ತಿಮ್ಮಯ್ಯ ಹೆಸರಿನ ಸಾಹಸ ಅಕಾಡೆಮಿ ಬಾದಾಮಿಯ ಬಂಡೆಗಳ ಮೇಲೆ ಹಳ್ಳಿಯ ಮಕ್ಕಳಿಗೂ ಏರುವ ವಿದ್ಯೆ ಕಲಿಸಿದೆ. ಕಲಿಕೆಯ ಸಾಹಸ ಬೇರೆ, ಬಾಡಿಗೆಯ ಸಾಹಸ ಬೇರೆ. ಆದರೆ ಉದ್ಯೋಗದ ಮಾತು ಬಂದಾಗ ಲೆಕ್ಕವನ್ನು ಪೂರ್ತಿ ಕೇಳಬೇಕು. ಹಗ್ಗ ಕಟ್ಟಿದ ಕಂಪನಿ ಯಾವ ಊರಿನದು? ಊರಿನ ಹುಡುಗ ಅಲ್ಲಿ ಮಾರ್ಗದರ್ಶಕನೋ, ಕಸ ಗುಡಿಸುವವನೋ? 2020ರ ಭೂಸುಧಾರಣಾ ಕಾಯ್ದೆಯ ತಿದ್ದುಪಡಿ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಲು ಇದ್ದ ತಡೆಯನ್ನು ತೆಗೆದುಹಾಕಿತು. ಕೆಂಪು ಗುಡ್ಡದ ಅಂಚಿನ ಒಣ ಹೊಲ ಇಂದು ಅಗ್ಗ. ಅದನ್ನು ಮಾರಿದ ರೈತ ನಾಳೆ ಅದೇ ಹೊಲದ ಗೇಟಿನಲ್ಲಿ ಕಾವಲುಗಾರನಾಗಿ ನಿಂತರೆ ಅದನ್ನೂ ಉದ್ಯೋಗಸೃಷ್ಟಿಯ ಅಂಕಿಯಲ್ಲಿ ಸೇರಿಸಲಾಗುತ್ತದೆ!

ರಾಜ್ಯದ 2024–29ರ ಪ್ರವಾಸೋದ್ಯಮ ನೀತಿ ಸಾಹಸ ಪ್ರವಾಸಕ್ಕೂ ಪ್ರೋತ್ಸಾಹ ನೀಡುತ್ತದೆ. ಪಶ್ಚಿಮಘಟ್ಟದ ಭವಿಷ್ಯವನ್ನು ಗ್ರಾಮಸಭೆಗಳ ಕೈಗೆ ಕೊಡಬೇಕೆಂದ 2011ರ ಗಾಡ್ಗೀಳ್ ವರದಿ ಮೂಲೆ ಸೇರಿತು. ಅದಕ್ಕಿಂತ ಸೌಮ್ಯವಾದ ಕಸ್ತೂರಿರಂಗನ್ ವರದಿಯನ್ನೂ ರಾಜ್ಯ ಸಂಪುಟ 2024ರ ಸೆಪ್ಟೆಂಬರ್‌ನಲ್ಲಿ ತಿರಸ್ಕರಿಸಿತು. ಅದೂ ಶಿರೂರಿನಲ್ಲಿ, ವಯನಾಡಿನಲ್ಲಿ ಗುಡ್ಡಗಳು ಕುಸಿದ ಎರಡೇ ತಿಂಗಳಿಗೆ. ಇಂಥ ಸರ್ಕಾರ ತಾನಾಗಿ ಬೀದರಿನ ಗುಡ್ಡಗಳಿಗೆ ಕಟ್ಟಳೆ ಬರೆದುಕೊಡುತ್ತದೆಂದು ಕಾದು ಕೂರುವುದು ಜಾಣತನವಾಗದು.

ಬರೆಯುವ ಸಾಧನ ಮಾತ್ರ ಊರಿನ ಕೈಯಲ್ಲಿಯೇ ಇದೆ. 1993ರ ಪಂಚಾಯತ್ ರಾಜ್ ಕಾಯ್ದೆಯಂತೆ ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಲೇಬೇಕು. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧವಿರಬೇಕು. ಎಷ್ಟೋ ಕಡೆ ಆ ದಾಖಲಾತಿ ಕಚೇರಿಯಲ್ಲಿ ಕುಳಿತು ಬರೆದ ಕಡತವಾಗಿ ಬೀರುವಿನಲ್ಲಿ ಮಲಗಿದೆ. ಹುಮನಾಬಾದ್, ಬಸವಕಲ್ಯಾಣಗಳ ಪದವಿ ಕಾಲೇಜಿನ ವಿದ್ಯಾರ್ಥಿಗಳು ಮೊಬೈಲಿನ ಹಿಮನದಿಯನ್ನು ಕ್ಷಣಕಾಲ ಬದಿಗಿಟ್ಟು ತಮ್ಮ ಪಂಚಾಯಿತಿಯ ಆ ಕಡತವನ್ನು ತೆಗೆಸಿ ಓದಬೇಕು; ಕೊಡಲೊಲ್ಲೆವೆಂದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಬೇಕು. ಯಾವ ಗುಡ್ಡದ ಬುಡದಲ್ಲಿ ಒರತೆಯಿದೆ, ಯಾವ ತಿಂಗಳವರೆಗೆ ನೀರಿರುತ್ತದೆ, ಯಾವ ಬಯಲಿನಲ್ಲಿ ಕೃಷ್ಣಮೃಗ ಮೇಯುತ್ತದೆ, ಯಾವ ಗವಿಯಲ್ಲಿ ಬಾವಲಿಗಳಿವೆ, ತಾಂಡಾದ ಕುರಿಗಳು ಯಾವ ದಾರಿಯಲ್ಲಿ ಹೋಗುತ್ತವೆ ಎಂಬುದನ್ನು ಹಿರಿಯರಿಂದ ಕೇಳಿ ಅದರಲ್ಲಿ ತುಂಬಬೇಕು. ಕುರಿಗಾಹಿಗೆ ಗೊತ್ತಿರುವಷ್ಟು ಆ ಗುಡ್ಡದ ವಿಚಾರ ಯಾವ ಸಮಾಲೋಚಕ ಕಂಪನಿಗೂ ಗೊತ್ತಿಲ್ಲ.

ಅನಂತರ ಗ್ರಾಮಸಭೆಯಲ್ಲಿ ನಿರ್ಣಯವಾಗಬೇಕು. ಗುಡ್ಡಕ್ಕೆ, ಗವಿಗೆ, ಜಲಾಶಯದ ದಡಕ್ಕೆ ಯಾವ ಬಾಡಿಗೆಯ ಆಟ ಬರುವುದಿದ್ದರೂ ಮೊದಲು ಊರಿನ ಒಪ್ಪಿಗೆ. ಮಳೆಗಾಲದ ನಾಲ್ಕು ತಿಂಗಳು ಜಂಬಿಟ್ಟಿಗೆಯ ನೆತ್ತಿಗೆ ವಾಹನ ನಿಷೇಧ. ದಿನಕ್ಕೆ ಎಷ್ಟು ಜನ ಎಂಬುದು ಒರತೆಯ ನೀರು ನೋಡಿ ಪ್ರತಿವರ್ಷ ಮರುನಿಗದಿ. ಮಾರ್ಗದರ್ಶಕರು ಊರಿನವರೇ, ತರಬೇತಿ ಮತ್ತು ವಿಮೆಯೊಂದಿಗೆ. ವಸೂಲಾದ ಶುಲ್ಕದ ಲೆಕ್ಕ ಪಂಚಾಯಿತಿಯ ಫಲಕದ ಮೇಲೆ. ನೆಲ ಕೆಟ್ಟಿತೆಂದು ಕಂಡ ದಿನ ಬಾಗಿಲು ಹಾಕುವ ಅಧಿಕಾರ ಊರಿಗೆ. ಶರಾವತಿ, ಕುಮಾರಧಾರೆಯ ತಪ್ಪಲಿನ ಹಳ್ಳಿಗಳೂ ಈ ನಿರ್ಣಯವನ್ನು ತಮ್ಮ ಬೆಟ್ಟಕ್ಕೆ ತಕ್ಕಂತೆ ತಿದ್ದಿ ಅಂಗೀಕರಿಸಬಹುದು. ತಡವಾಗಿದೆ, ಆದರೂ ಮಾಡಬಹುದು. ಅಂಗೀಕೃತ ನಿರ್ಣಯದ ಪ್ರತಿ ಒಂದೊಂದು ಜಿಲ್ಲಾಧಿಕಾರಿಗೆ, ಅರಣ್ಯ ಇಲಾಖೆಗೆ, ಪ್ರವಾಸೋದ್ಯಮ ಇಲಾಖೆಗೆ ಮತ್ತು ಭಾಲ್ಕಿಯ ಸಚಿವರಿಗೆ ನೋಂದಾಯಿತ ಅಂಚೆಯಲ್ಲಿ ಹೋಗಲಿ. ರಸೀದಿಯನ್ನು ಜೋಪಾನವಾಗಿಡಬೇಕು, ಮುಂದೊಂದು ದಿನ ನ್ಯಾಯಾಲಯದಲ್ಲಿ ಕೇಳುವ ಮೊದಲ ಕಾಗದ ಅದೇ.